ಚುರುಮುರಿಗೆ ಬಾರದ ಮೀನು

ರೋಹು ಗಾಳಕ್ಕೆ ಬಿದ್ದರೆ ಓಡುತ್ತದೆ, ಕಾಟ್ಲಾ ಬಿದ್ದರೆ ಜಗ್ಗುತ್ತದೆ. ಅಥಣಿಯ ಮೋಟರ್ ವೈಂಡಿಂಗ್ ಅಂಗಡಿಯ ತೌಸಿಫನನ್ನು ಮೀನಿನ ಬಗ್ಗೆ ಯಾರು ಏನೇ ಕೇಳಲಿ, ಅವನು ಇಲ್ಲಿಂದಲೇ ಶುರು ಮಾಡುತ್ತಿದ್ದ. ಕಾಟ್ಲಾದ್ದು ಮೈಗೆ ಮೀರಿದ ತಲೆ, ಮೇಲಕ್ಕೆ ತೆರೆದ ಬಾಯಿ, ಮುಂದೆ ಚಾಚಿದ ಕೆಳತುಟಿ. ನೋಡಿದರೆ ಬೀಗರ ಮೇಲೆ ಮುನಿಸಿಕೊಂಡು ಕುಳಿತವರ ಹಾಗೆ. ನೀರಿನ ಮೇಲ್ಪದರದಲ್ಲೇ ಅದರ ಊಟ, ಅಲ್ಲೇ ಅದರ ಸಂಸಾರ. ಸಿಕ್ಕಮೇಲೆ ಎರಡು ಸಲ ತಲೆ ಒದರುತ್ತದೆ, ಮೈಭಾರವೆಲ್ಲ ದಾರದ ಮೇಲೆ ಬಿಡುತ್ತದೆ, ಹರಿಯಲಿಲ್ಲ ಅಂದರೆ ಸುಮ್ಮನೆ ಬಂದುಬಿಡುತ್ತದೆ. ರೋಹು ಸಣ್ಣ ತಲೆಯದು, ಹುರುಪೆಗಳ ಅಂಚಿನಲ್ಲಿ ತುಸು ಕೆಂಪು, ಬಾಯಿ ಕೆಳಗೆ ಮುಖ ಮಾಡಿದ್ದು, ತುಟಿಗೆ ಝಾಲರು ಹೊಲಿದಂತೆ ಸಣ್ಣ ನೆರಿಗೆ. ಅದು ಹಿಟ್ಟನ್ನು ನುಂಗುವ ಮೊದಲು ತುಟಿಯಿಂದ ಮುಟ್ಟಿ ಮುಟ್ಟಿ ನೋಡುತ್ತದೆ. ಕಚ್ಚಿತೋ, ಆಳಕ್ಕೆ ಒಂದೇ ಓಟ. ರೀಲು ಕಿರ್ರೆನ್ನುತ್ತದೆ, ಮೊಣಕೈ ನಡುಗುತ್ತದೆ, ಆ ಹತ್ತು ನಿಮಿಷ ಮನುಷ್ಯನಿಗೆ ಬೇರೆ ಏನೂ ನೆನಪಿರುವುದಿಲ್ಲ.

ತೌಸಿಫನಿಗೆ ಬೇಕಾಗಿದ್ದದ್ದು ಆ ಹತ್ತು ನಿಮಿಷ. ವಾರದ ಆರು ದಿನ ಅವನ ಅಂಗಡಿಗೆ ಸುಟ್ಟ ಮೋಟರುಗಳು ಬರುತ್ತಿದ್ದವು. ವೋಲ್ಟೇಜು ಇಳಿದರೂ ಸುಡುತ್ತವೆ, ಏರಿದರೂ ಸುಡುತ್ತವೆ, ಬಾವಿ ಬತ್ತಿದರೂ ಸುಡುತ್ತವೆ. ಕಬ್ಬಿನವರು, ದ್ರಾಕ್ಷಿಯವರು, ಎಲ್ಲರಿಗೂ ಇವತ್ತೇ ಬೇಕು. ತಾಮ್ರದ ತಂತಿ ಸುತ್ತಿ ಸುತ್ತಿ ಬೆರಳಿನ ತುದಿಗಳು ಮರಗಟ್ಟಿದ್ದವು. ಊಟ ಮಾಡುವಾಗ ರೊಟ್ಟಿ ಬಿಸಿಯೋ ತಣ್ಣಗೋ ತಿಳಿಯುತ್ತಿರಲಿಲ್ಲ. ಮೂವತ್ತೆಂಟಕ್ಕೇ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದ. ಅವನಿಗೆ ಉಳಿದದ್ದು ಐತವಾರ ಒಂದೇ, ಆ ಐತವಾರಕ್ಕೆ ಈ ಚಳಿಗಾಲದಲ್ಲಿ ಒಂದು ನೀರು ಸಿಕ್ಕಿತ್ತು: ತೆಲಸಂಗದ ಆಚೆ ಶೀತಲ ಪಾಟೀಲರ ದ್ರಾಕ್ಷಿ ತೋಟದ ಹೊಂಡ.

ಹೊಂಡ ಅಂದರೆ ಕಪ್ಪು ಪ್ಲಾಸ್ಟಿಕ್ ಹಾಸಿದ, ಮೂವತ್ತು ಮೀಟರ್ ಉದ್ದಗಲದ ಕೃಷಿ ಹೊಂಡ. ಬೋರಿನ ನೀರು ಅದರಲ್ಲಿ ನಿಲ್ಲುತ್ತದೆ, ಅಲ್ಲಿಂದ ಫಿಲ್ಟರಿಗೆ, ಫಿಲ್ಟರಿನಿಂದ ಡ್ರಿಪ್ಪಿಗೆ, ಡ್ರಿಪ್ಪಿನಿಂದ ಬಳ್ಳಿಯ ಬುಡಕ್ಕೆ. ನಿಂತ ನೀರಿಗೆ ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ, ಪಾಚಿ ಫಿಲ್ಟರಿನ ಸಣ್ಣ ಕಣ್ಣಿನ ಜಾಳಿಗೆ ಕೂರುತ್ತದೆ, ಜಾಳಿ ಕಟ್ಟಿದರೆ ಬಳ್ಳಿಗೆ ನೀರಿಲ್ಲ. ಮೀನು ಬಿಟ್ಟರೆ ಪಾಚಿ ತಿನ್ನುತ್ತವೆ ಅಂತ ಯಾರೋ ಹೇಳಿದ್ದಕ್ಕೆ ಶೀತಲರು ನಾಲ್ಕು ವರ್ಷದ ಹಿಂದೆ ಮರಿಗಳನ್ನು ತರಿಸಿ ಬಿಟ್ಟಿದ್ದರು. ಒಂದೇ ಚೀಲದಲ್ಲಿ ರೋಹು, ಕಾಟ್ಲಾ ಎರಡೂ ಬೆರೆತು ಬಂದಿದ್ದವು. ಪಾಟೀಲರದು ಜೈನರ ಮನೆ, ಬಳ್ಳೊಳ್ಳಿ ಕೂಡ ಹೊಸ್ತಿಲು ದಾಟದ ಮನೆ. ಯಾವುದು ರೋಹು ಯಾವುದು ಕಾಟ್ಲಾ ಎಂದು ಅವರು ಕೇಳಲೂ ಇಲ್ಲ, ತಂದವನು ಹೇಳಲೂ ಇಲ್ಲ.

ಎರಡು ವರ್ಷ ಪಂಪ್ ರಿಪೇರಿಗೆಂದು ಹೋದಾಗಲೆಲ್ಲ ತೌಸಿಫ ಆ ನೀರನ್ನು ನೋಡಿ ಗಾಳ ಹಾಕಲೇ ಎಂದು ಕೇಳುತ್ತಿದ್ದ, ಶೀತಲರು ಬ್ಯಾಡ ಅನ್ನುತ್ತಿದ್ದರು. ಈ ದಸರೆಯಲ್ಲಿ ಅವರೇ ಕರೆದರು. ಮಳೆಗಾಲದಲ್ಲಿ ಗೊಬ್ಬರದ ನೀರು ಹೊಂಡಕ್ಕೆ ಇಳಿದು ಪಾಚಿ ಹೆಚ್ಚಾಗಿತ್ತು, ದಿನಕ್ಕೆ ನಾಲ್ಕು ಸಲ ಜಾಳಿ ತೊಳೆಯುತ್ತಿದ್ದರು.

"ಮೀನ ಭಾಳ ಆಗ್ಯಾವ ತೌಸಿಫ. ಅದರಾಗ ಅರ್ಧಾ ಕೆಲಸಾ ಮಾಡೂದಿಲ್ಲ, ಬರೇ ನೀರ ಹೊಲಸ ಮಾಡ್ತಾವು. ಅವನ್ನ ತಗದ್ರ ನೀರ ತಿಳಿ ಆಗತೈತಿ ಅನಸ್ತೈತಿ."

"ಕೆಲಸಾ ಮಾಡದವು ಯಾವು ಅಂತ ಹೆಂಗ ಗೊತ್ತಾತ್ರಿ, ಅಣ್ಣಾರ?"

ಶೀತಲರು ಹೆಂಡತಿಯನ್ನು ಕರೆದರು. ಸ್ನೇಹಲ ಒಂದು ಬೊಗಸೆ ಚುರುಮುರಿ ತಂದು ನೀರಿನ ಮೇಲೆ ಚೆಲ್ಲಿದರು. ದೊಡ್ಡ ತಲೆಗಳು ಎದ್ದು ಬಂದವು, ಬಾಯಿ ತೆರೆದವು, ಚುರುಮುರಿಯ ಜೊತೆ ಮೇಲೆ ತೇಲುತ್ತಿದ್ದ ಹಸಿರು ಕೆನೆಯನ್ನೂ ಎಳೆದುಕೊಂಡು ಹೋದವು.

"ನೋಡ, ಇವು ಮೈಗಳ್ಳ ಅಲ್ಲ," ಅಂದರು ಸ್ನೇಹಲ. "ಕರದ್ರ ಬರ್ತಾವು, ಪಾಚಿನೂ ತಿಂತಾವು. ಇನ್ನೊಂದ ಜಾತಿ ಐತಿ, ತಳಾ ಹಿಡದ ಬಿದ್ದಿರ್ತೈತಿ. ನಾಕ ವರ್ಷ ಆತು, ಅದರ ಮಾರಿ ನೋಡಿಲ್ಲ ನಾ."

ತಳ ಹಿಡಿದು ಬಿದ್ದಿರುವ ಜಾತಿ. ತೌಸಿಫ ನೀರಿನ ಅಂಚಿಗೆ ಹೋಗಿ ಬಗ್ಗಿ ನೋಡಿದ. ನಾಲ್ಕು ವರ್ಷ ಯಾರೂ ಗಾಳ ಹಾಕದ ನೀರಿನ ರೋಹು!

"ನಿನಗ ಮೀನಿಂದು ಗೊತ್ತೈತಿ," ಅಂದರು ಶೀತಲರು. "ನಾವು ಹೇಳೂದು ಖರೇ ಐತೇನು?"

ಯಾವ ಮೀನು ಏನು ತಿನ್ನುತ್ತದೆ ಎಂದು ತೌಸಿಫ ಎಂದೂ ತಲೆ ಕೆಡಿಸಿಕೊಂಡವನಲ್ಲ. ಯಾವ ಮೀನಿಗೆ ಯಾವ ಹಿಟ್ಟು ಅನ್ನುವುದಷ್ಟೇ ಅವನ ವಿದ್ಯೆ. ಗೊತ್ತಿಲ್ರಿ ಅನ್ನಬಹುದಿತ್ತು. "ಖರೇ ಐತ್ರಿ," ಅಂದ.

ಬಲೆ ಹಾಕಿದರೆ ಪ್ಲಾಸ್ಟಿಕ್ ಹರಿಯುತ್ತದೆ, ಮೇಲಾಗಿ ಬಲೆಯಲ್ಲಿ ಒಂದಕ್ಕೊಂದು ಒತ್ತಿ ಸಾಯುತ್ತವೆ. ಹಾಗಾಗಿ ಗಾಳವೇ ಆಗಬೇಕಿತ್ತು. ಆದರೂ ಶೀತಲರಿಗೆ ಒಪ್ಪಿಗೆಯಾಗಲು ಒಂದು ಚಹಾದಷ್ಟು ಹೊತ್ತು ಹಿಡಿಯಿತು.

"ಗಾಳ ಅಂದ್ರ ಬಾಯಿಗೆ ಚುಚ್ಚೂದ ಅಲ್ಲೇನು?"

"ಚುಚ್ಚತೈತ್ರಿ. ಖರೇ, ತುದೀಗೆ ಇರೂ ಅಡ್ಡ ಮುಳ್ಳ ಅರಾ ಹಾಕಿ ತಿಕ್ಕಿ ತಗದ ಬರ್ತೀನಿ. ಡಾಕ್ಟರ ಸೂಜಿ ಹೋಗಿ ಬಂದಂಗ, ಅಷ್ಟ. ನಾವು ಸೂಜಿ ಮಾಡಿಸ್ಕೊಳ್ಳೂದಿಲ್ಲೇನ್ರಿ?"

"ನಾವು ಔಷಧಕ್ಕ ಮಾಡಿಸ್ಕೊಳ್ಳತೀವಿ. ನೀ ಅದಕ್ಕ ಯಾವ ಔಷಧಾ ಕೊಡತಿ?"

ಸ್ನೇಹಲ ನಕ್ಕರು. ಶೀತಲರು ನಗಲಿಲ್ಲ. ಅವರು ಹಾಕಿದ್ದು ಒಂದೇ ಷರತ್ತು: ಒಂದೂ ಸಾಯಬಾರದು. ಹಿಡಿದದ್ದನ್ನೆಲ್ಲ ಜೀವಂತ ಒಯ್ದು ಮೂರು ಕಿಲೋಮೀಟರ್ ದೂರದಲ್ಲಿ ಹಳ್ಳಕ್ಕೆ ಅಡ್ಡ ಕಟ್ಟಿದ ಬಾಂದಾರದ ನೀರಿನಲ್ಲಿ ಬಿಡಬೇಕು. ಒಂದು ಸತ್ತರೂ ಅವತ್ತಿಗೇ ಗಾಳ ಬಂದ್. ತೌಸಿಫ ತಲೆಯ ಮೇಲೆ ಕೈಯಿಟ್ಟುಕೊಂಡು ಆಣೆ ಮಾಡಿ ಒಪ್ಪಿದ.

ಆಮೇಲೆ ಐದು ಐತವಾರ. ಶೇಂಗಾ ಹಿಂಡಿ, ಗೋವಿನಜೋಳದ ಹಿಟ್ಟು, ಒಂದು ತುಂಡು ಬ್ರೆಡ್ಡು ಕಲಸಿ ಗಟ್ಟಿ ಉಂಡೆ ಮಾಡಿ ತಳಕ್ಕೆ ಇಳಿಸುತ್ತಿದ್ದ. ಮೇಲೆ ಕಾಟ್ಲಾಗಳು ತಿರುಗುತ್ತಿದ್ದವು, ಅವನು ಅವುಗಳತ್ತ ನೋಡುತ್ತಲೂ ಇರಲಿಲ್ಲ. ದಾರ ಎರಡು ಸಲ ತುಟಿ ಮುಟ್ಟಿದಂತೆ ಅಲುಗಿ, ಆಮೇಲೆ ಸರಕ್ಕನೆ ಓಡುತ್ತಿತ್ತು. ಮೂರು ಕಿಲೋದವು, ನಾಲ್ಕು ಕಿಲೋದವು. ಹಿಡಿದ ಮೇಲೆ ದಂಡೆಯಲ್ಲಿ ಒದ್ದೆ ಗೋಣಿಚೀಲದ ಮೇಲೆ ಮಲಗಿಸಿ, ಗಾಳ ಬಿಡಿಸಿ, ನೀಲಿ ಡ್ರಮ್ಮಿಗೆ ಹಾಕಿ, ಮೋಟರು ಹೊರುವ ತನ್ನ ಗೂಡ್ಸ್ ಆಟೋದಲ್ಲಿ ಬಾಂದಾರಕ್ಕೆ ಒಯ್ದು ಬಿಡುತ್ತಿದ್ದ. ಒಂದು ದಿನಕ್ಕೆ ಎರಡು ಮೂರು ಸುತ್ತು. ಸೊಂಟ ಹಿಡಿಯುತ್ತಿತ್ತು, ಆದರೆ ಅದು ಬೇರೆ ಥರದ ದಣಿವು. ಆ ಸಂಜೆ ನಿದ್ದೆ ಬರುತ್ತಿತ್ತು.

ಐದನೆಯ ಐತವಾರ ಬಾಂದಾರದ ದಾರಿಯಲ್ಲಿ ಆಟೋದ ಹಿಂದಿನ ಗಾಲಿ ಪಂಕ್ಚರಾಯಿತು. ಬಿಸಿಲು ನೆತ್ತಿಯ ಮೇಲಿತ್ತು. ಗಾಲಿ ಬದಲಿಸಿ ಡ್ರಮ್ಮಿನ ಮುಚ್ಚಳ ತೆಗೆದಾಗ ನಾಲ್ಕರಲ್ಲಿ ಮೂರು ಬಾಯಿ ಆಡಿಸುತ್ತಿದ್ದವು, ಒಂದು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಅವನು ಅದನ್ನು ಹಳ್ಳದ ನೀರಿನಲ್ಲಿ ಹಿಡಿದುಕೊಂಡು ಹಿಂದೆ ಮುಂದೆ ಆಡಿಸಿದ, ಕಿವಿರಿಗೆ ನೀರು ಹೋಗಲಿ ಎಂದು ಬಾಯಿ ಬಿಡಿಸಿ ಹಿಡಿದ. ಅರ್ಧ ಗಂಟೆ. ಅದು ಅಲುಗಲಿಲ್ಲ. ಬಿಸಾಕಿದರೆ ನಾಯಿ ತಿನ್ನುತ್ತವೆ, ಹೂಳಲು ಗುದ್ದಲಿ ಇರಲಿಲ್ಲ. ಗೋಣಿಚೀಲದಲ್ಲಿ ಸುತ್ತಿ ಮನೆಗೆ ತಂದ.

ಅವನ ಹೆಂಡತಿ ಶಬಾನಾ ಈಳಿಗೆಮಣೆ ಹಾಕಿಕೊಂಡು ಕೂತಳು. ಹೊಟ್ಟೆ ಸೀಳಿದವಳೇ ಕೈ ಹಿಂದಕ್ಕೆ ತೆಗೆದಳು.

"ಇಲ್ಲಿ ಬರ್ರಿ ಸ್ವಲ್ಪ. ಇದೇನ ಮೀನೋ, ಎಮ್ಮಿಯೋ?"

ಕರುಳು ಮುಗಿಯುತ್ತಲೇ ಇರಲಿಲ್ಲ. ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ತಾಟಿನ ತುಂಬ ಹರಡಿತು, ಉದ್ದಕ್ಕೂ ಹಸಿರು. ಶಬಾನಾ ಒಂದು ಕಡೆ ಒತ್ತಿದಳು. ಅರೆದ ಪಾಚಿ, ಹೊಂಡದ ಪಾಚಿ, ಚಟ್ನಿಯ ಹಾಗೆ ಹೊರಬಂತು.

ತೌಸಿಫ ಬಾಗಿಲಲ್ಲೇ ನಿಂತುಬಿಟ್ಟ. ಮರುದಿನ ಅಂಗಡಿ ತೆರೆಯುವ ಮೊದಲು ಮೀನು ಬಜಾರಿಗೆ ಹೋಗಿ, ಪರಿಚಯದ ಇಬ್ರಾಹಿಮ ಚಾಚಾನ ಮುಂದೆ ಕೂತು, ಒಂದೇ ಕೆರೆಯಿಂದ ಬಂದ ಒಂದು ರೋಹು, ಒಂದು ಕಾಟ್ಲಾ ಸೀಳಿಸಿ ನೋಡಿದ. ರೋಹುವಿನದು ಮತ್ತೆ ಅದೇ ಹಸಿರು. ಕಾಟ್ಲಾದ್ದು ಗಿಡ್ಡ ಕರುಳು, ಒಳಗೆ ಕಂದು ಬಣ್ಣದ ಗಂಜಿ.

"ಕಾಟ್ಲಾ ನೀರಾಗಿನ ಹುಳಾ ತಿಂತೈತೋ," ಅಂದ ಇಬ್ರಾಹಿಮ ಚಾಚಾ, ಕತ್ತಿ ಒರೆಸುತ್ತ. "ಕಣ್ಣಿಗೆ ಕಾಣದಷ್ಟ ಸಣ್ಣ ಹುಳಾ. ಪಾಚಿ ತಿನ್ನೂದು ಆ ಹುಳಾ. ಇದು ಹುಳಾ ತಿಂದ್ರ ಪಾಚಿ ಇನ್ನೂ ಹೆಚ್ಚಾಗತೈತಿ. ಮೂವತ್ತ ವರ್ಷ ಗಾಳಾ ಹಾಕಿ ಇಷ್ಟ ಗೊತ್ತಿಲ್ಲೇನೋ ನಿನಗ?"

ಗೊತ್ತಿರಲಿಲ್ಲ. ಈಗ ಗೊತ್ತಾಗಿತ್ತು, ಗೊತ್ತಾದದ್ದು ಎದೆಯ ಮೇಲೆ ಕೂತಿತ್ತು. ಐದು ವಾರದಲ್ಲಿ ಅವನು ಪಾಟೀಲರ ಹೊಂಡದಿಂದ ನಲವತ್ತಾರು ಕೂಲಿಯಾಳುಗಳನ್ನು ಹಿಡಿದು ಊರು ಬಿಡಿಸಿದ್ದ. ಹೇಳಬೇಕು ಅಂದರೆ, ಹೇಗೆ ಗೊತ್ತಾಯಿತು ಎನ್ನುವುದನ್ನೂ ಹೇಳಬೇಕು. ಒಂದು ಸತ್ತಿದೆ ಎಂದ ಕೂಡಲೇ ಗಾಳ ಬಂದ್, ಐತವಾರ ಬಂದ್. ಸೋಮವಾರ ಹೇಳಲಿಲ್ಲ. ಮಂಗಳವಾರ ತಂತಿ ಸುತ್ತುತ್ತ ಎಣಿಕೆ ತಪ್ಪಿ ಒಂದು ಮೋಟರನ್ನು ಎರಡು ಸಲ ಬಿಚ್ಚಿದ.

ಬುಧವಾರ ಬೆಳಗ್ಗೆ ಶೀತಲರದೇ ಫೋನು ಬಂತು. ಸ್ಟಾರ್ಟರು ಪದೇ ಪದೇ ಬಿದ್ದು ಪಂಪು ನಿಲ್ಲುತ್ತಿದೆ, ಮೋಟರು ಬಿಸಿಯಾಗಿದೆ, ಬಾ.

ಬಳ್ಳಿಗೆ ಚಾಟ್ನಿ ಮಾಡಿ, ಅಂದರೆ ಕಡ್ಡಿ ಸವರಿ, ಮೂರು ವಾರ ದಾಟಿತ್ತು. ದ್ರಾಕ್ಷಿಗೆ ಚಿಗುರು ಬಂದು, ಎಲೆಯ ಸಂದಿಯಲ್ಲಿ ಸಾಸಿವೆಯಷ್ಟು ಗೊನೆ ಕಾಣುವ ಹೊತ್ತು. ಈಗ ನೀರು ತಪ್ಪಿದರೆ ಗೊನೆ ಬಾಡಿ ಹಣ್ಣು ಕಟ್ಟದ ಬರೀ ಕುಡಿಬಳ್ಳಿಯಾಗಿಬಿಡುತ್ತದೆ, ವರ್ಷದ ಹಣ್ಣು ಹೋದ ಹಾಗೆ. ತೌಸಿಫ ಬಂದಾಗ ಶೀತಲರು ಫಿಲ್ಟರಿನ ಪಕ್ಕ ಕಲ್ಲಿನ ಮೇಲೆ ಕೂತು, ಜಾಳಿಯನ್ನು ತೊಡೆಯ ಮೇಲಿಟ್ಟುಕೊಂಡು, ಕೈಯಲ್ಲಿ ಬ್ರಶ್ಶು ಹಿಡಿದೇ ನಿದ್ದೆ ಹೋಗಿದ್ದರು. ಗಡ್ಡ ಬೆಳೆದಿತ್ತು. ಬೆರಳುಗಳು ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿದ್ದವು. ಅವರ ಆಳು ಬೀರದೇವ ವಾಲ್ವು ಹಿಡಿದುಕೊಂಡು ನಿಂತಿದ್ದ.

"ಎಬ್ಬಸಬ್ಯಾಡ," ಅಂದ ಬೀರದೇವ ಮೆಲ್ಲಗೆ. "ಐದಕ್ಕ ಕರೆಂಟ ಬಂದೈತಿ, ಆಗಳಿಂದ ಇದ ಕೆಲಸ. ನಿನ್ನಿ ಹನ್ನೊಂದ ಸಲ ತೊಳದೇವಿ. ನಾ ಕುರಿ ಉಣ್ಣೆ ತೊಳದಾವ, ಕುರಿನೂ ಇಷ್ಟ ಹೊಲಸ ಇರೂದಿಲ್ಲ."

ಮೋಟರಿಗೆ ಏನೂ ಆಗಿರಲಿಲ್ಲ. ಜಾಳಿ ಕಟ್ಟಿ, ನೀರು ಮುಂದೆ ಹೋಗದೆ, ಒತ್ತಡ ಏರಿ ಸ್ಟಾರ್ಟರು ಬೀಳುತ್ತಿತ್ತು. ತೌಸಿಫ ಸ್ಟಾರ್ಟರಿನ ಡಬ್ಬಿ ಮುಚ್ಚುವ ಸದ್ದಿಗೆ ಶೀತಲರು ಕಣ್ಣು ಬಿಟ್ಟರು.

"ಮೋಟರ ಸುಟ್ಟೈತೇನು?"

"ಇಲ್ರಿ. ಜಾಳಿದ ತ್ರಾಸು."

"ಹಂಗಾರ ಮೈಗಳ್ಳರ ಇನ್ನೂ ಉಳದಾರ," ಅಂದರು ಶೀತಲರು. ದನಿಯಲ್ಲಿ ಸಿಟ್ಟಿಗೆ ಬೇಕಾದಷ್ಟೂ ತ್ರಾಣ ಇರಲಿಲ್ಲ. "ಈ ಐತವಾರ ಇನ್ನೊಬ್ಬನ್ನ ಕರಕೊಂಡ ಬಾ. ಎರಡ ಗಾಳ ಹಾಕ್ರಿ. ತಳದಾಗ ಒಂದೂ ಉಳೀಬಾರ್ದು. ನಮ್ಮ ಅವ್ವಗ ಹೇಳೀನಿ, ತೌಸಿಫನ ಕೈಯಾಗ ಇನ್ನತನಾ ಒಂದೂ ಸತ್ತಿಲ್ಲ ಅಂತ. ಮೊದಲ ಬೈತಿದ್ಲು, ಈಗ ಸುಮ್ಮನಾಗ್ಯಾಳ."

ಎರಡು ಗಾಳ. ಇನ್ನು ಎರಡು ಐತವಾರದಲ್ಲಿ ತಳ ಖಾಲಿಯಾಗುತ್ತದೆ. ಆ ಓಟ, ಆ ಹತ್ತು ನಿಮಿಷ, ಕೈಗೆ ಬಂದಂತೆಯೇ ಇತ್ತು. ತೌಸಿಫ ಸ್ಕ್ರೂಡ್ರೈವರನ್ನು ಪ್ಯಾಂಟಿಗೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಅಣ್ಣಾರ, ತಳದಾಗಿನವು ಮೈಗಳ್ಳ ಅಲ್ರಿ. ಪಾಚಿ ತಿನ್ನಾವು ಅವ. ಮ್ಯಾಲ ಬರಾವು ತಿನ್ನೂದಿಲ್ಲ."

ಶೀತಲರು ಅವನನ್ನು ನೋಡಿದರು. ಅರ್ಥವಾಗಲು ಹೊತ್ತು ಹಿಡಿಯಿತು. ನಿದ್ದೆ ಇಲ್ಲದವರಿಗೆ ಎಲ್ಲವೂ ದೂರದಿಂದ ಕೇಳಿಸುತ್ತದೆ.

"ಯಾರ ಹೇಳಿದ್ರು?"

ಇಲ್ಲಿಯೇ ಒಂದು ಸಣ್ಣ ಬಾಗಿಲಿತ್ತು. ಮೊಬೈಲಿನಲ್ಲಿ ನೋಡಿದೆ ಎಂದರೆ ಸಾಕಿತ್ತು. ಈಗ ಯಾರು ಏನನ್ನು ಮೊಬೈಲಿನಲ್ಲಿ ನೋಡುವುದಿಲ್ಲ. ಶೀತಲರು ನಂಬುತ್ತಿದ್ದರು. ಹಾಗಾದರೆ ಮೇಲಿನವನ್ನು ತೆಗೆ ಎನ್ನುತ್ತಿದ್ದರು, ರೋಹು ಹೋದರೆ ಕಾಟ್ಲಾ, ಐತವಾರವಂತೂ ಉಳಿಯುತ್ತಿತ್ತು. ತೌಸಿಫ ಬಾಯಿ ತೆರೆದ. "ಮೊಬೈಲ..." ಅಂದ. ಅವರ ಸುಕ್ಕು ಬೆರಳುಗಳು ಕಂಡವು. ಮೂರು ದಿನ ಈ ಮಾತನ್ನು ಹೊತ್ತು ತಿರುಗಿದ್ದೇ ಸಾಕಾಗಿತ್ತು, ಇದರ ಮೇಲೆ ಇನ್ನೊಂದನ್ನು ಹೊರಲು ಅವನಲ್ಲಿ ಬಲವಿರಲಿಲ್ಲ.

"ಮೊಬೈಲ ಅಲ್ರಿ. ಹೋದ ಐತವಾರ ಒಂದು ಸತ್ತತು. ದಾರ್ಯಾಗ ಗಾಲಿ ಪಂಚರ್ ಆತು, ಡ್ರಮ್ಮಿನಾಗ ನೀರ ಕಾದಿತ್ತು. ಮನಿಗೆ ಒಯ್ದೆ. ಕೊಯ್ದಾಗ ಕರುಳಿನ ತುಂಬ ನಿಮ್ಮ ಪಾಚಿನ ಇತ್ತು."

ಬೀರದೇವ ವಾಲ್ವಿನ ಕಡೆ ತಿರುಗಿ ನಿಂತ.

"ಐತವಾರ," ಅಂದರು ಶೀತಲರು. "ಇವತ್ತ ಬುಧವಾರ."

"ಹೌದ್ರಿ."

"ತಿಂದ್ರೇನು?"

"ತಿಂದ್ವಿ ರೀ."

ಚಹಾ ತರುತ್ತಿದ್ದ ಸ್ನೇಹಲ ಅರ್ಧ ದಾರಿಯಲ್ಲೇ ನಿಂತಿದ್ದರು. ಅವರು ಬಂದು ಕಪ್ಪುಗಳನ್ನು ಫಿಲ್ಟರಿನ ಕಟ್ಟೆಯ ಮೇಲಿಟ್ಟರು. "ಹಂಗಾರ ನಾವ ತಪ್ಪ ಹೇಳಿದ್ವಿ," ಅಂದರು ಗಂಡನಿಗೆ. "ಚುರುಮುರಿ ತೇಲತೈತಿ. ಮ್ಯಾಲ ಇರಾವು ಬಂದು ತಿಂದ್ವು. ತಳದಾಗ ದುಡ್ಯಾವಕ್ಕ ಅದು ಮುಟ್ಟಲ ಇಲ್ಲ. ನಾ ಅವನ್ನ ಬೈಕೋತ ಕುಂತೆ."

"ನಾವು ಮೀನಾ ತಿನ್ನವರಲ್ಲ, ನಮಗ ಗೊತ್ತಿಲ್ಲ," ಅಂದರು ಶೀತಲರು. "ಇವಗ ಕೇಳಿದ್ನಲ್ಲ ನಾ. ಖರೇ ಏನು ಅಂತ ಕೇಳಿದ್ನಲ್ಲ."

"ನನಗ ಗೊತ್ತಿರಲಿಲ್ರಿ ಆಗ. ಗೊತ್ತಿಲ್ಲ ಅಂತ ಅನ್ನಲಿಲ್ಲ. ಅವ ಮೀನ ಬೇಕಾಗಿದ್ವು ನನಗ. ಹಿಡ್ಯಾಕ ಚಲೋ ಇರ್ತಾವ್ರಿ ಅವು, ಓಡ್ತಾವು."

ಇಷ್ಟು ಬತ್ತಲೆಯಾಗಿ ಅದು ಹೊರಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಶೀತಲರು ಬೈಯುತ್ತಾರೆ ಎಂದು ಕಾದ. ಅವರು ಚಹಾ ಕುಡಿದರು. ಕುಡಿದು, ಕಪ್ಪನ್ನು ಕೆಳಗಿಟ್ಟು, ಬಾಂದಾರದಿಂದ ಮತ್ತೆ ಹಿಡಿದು ತರಲು ಆಗುತ್ತದೆಯೇ ಎಂದು ಕೇಳಿದರು. ಹಳ್ಳದಲ್ಲಿ ನೀರು ಹರಿಯುತ್ತಿತ್ತು, ಅವು ಎಲ್ಲಿಗೆ ಹೋಗಿವೆಯೋ. ಆಗೂದಿಲ್ರಿ ಅಂದ ತೌಸಿಫ.

"ಮ್ಯಾಲಿನವನ್ನಾರ ತಗೀಬೇಕೇನು?"

ತೌಸಿಫ ಉತ್ತರ ಕೊಡುವ ಮೊದಲೇ ಸ್ನೇಹಲ ಅಂದರು, "ಗಾಳ ಸಾಕ. ಒಂದ ಸತ್ತೈತಿ."

"ಸಾಕ," ಅಂದರು ಶೀತಲರು.

ಅಷ್ಟೇ. ಐತವಾರ ಹೋಗಿತ್ತು. ತೌಸಿಫ ಸಾಮಾನಿನ ಡಬ್ಬಿ ಎತ್ತಿಕೊಂಡು ಆಟೋದ ಕಡೆ ನಡೆದ. ಸಿಟ್ಟು ಬರಲಿಲ್ಲ, ಹಗುರವೂ ಆಗಲಿಲ್ಲ. ಮೈಯೊಳಗಿಂದ ಯಾರೋ ತಂತಿ ಬಿಚ್ಚಿ ತೆಗೆದ ಹಾಗೆ ಕಾಲು ಎಳೆಯುತ್ತಿದ್ದವು. ಹಿಂದಿನಿಂದ ಶೀತಲರು ಕೂಗಿದರು.

"ಐತವಾರ ಏನ ಮಾಡಾವ ನೀ?"

"ಏನೂ ಇಲ್ರಿ."

"ಐದಕ್ಕ ಬಾ. ಜಾಳಿ ತೊಳಿ. ನನಗ ಒಂದ ದಿನ ಮಲಗೂದೈತಿ."

ಐತವಾರ ಅವನು ಬರಿಗೈಯಲ್ಲಿ ಹೋದ. ಇನ್ನೂ ಚಳಿಯಿತ್ತು. ಬೀರದೇವನಿಗೆ ಅವತ್ತು ರಜೆ. ಶೀತಲರು ಒತ್ತಡದ ಗೇಜು ತೋರಿಸಿ, ಮುಳ್ಳು ಎರಡನ್ನು ದಾಟಿದರೆ ವಾಲ್ವು ತಿರುಗಿಸಿ ಬಿಚ್ಚು ಅಂದು, ಪಂಪಿನ ಕೋಣೆಯ ಮಂಚದ ಮೇಲೆ ಚಾದರ ಹೊದ್ದು ಮಲಗಿದರು. ಪಂಪಿನ ಗದ್ದಲದಲ್ಲೂ ಅವರ ಗೊರಕೆ ಕೇಳುತ್ತಿತ್ತು.

ಜಾಳಿ ನಲವತ್ತು ನಿಮಿಷಕ್ಕೆ ಕಟ್ಟುತ್ತಿತ್ತು. ನಟ್ಟು ಬಿಚ್ಚಬೇಕು, ಜಾಳಿ ಎಳೆಯಬೇಕು, ಬ್ರಶ್ಶಿನಿಂದ ಮೇಲಿಂದ ಕೆಳಗೆ ಉಜ್ಜಬೇಕು, ತಿರುಗಿಸಿ ಮತ್ತೆ ಉಜ್ಜಬೇಕು. ಹಸಿರು ಲೋಳೆ ಉಗುರಿನ ಸಂದಿಗೆ ಇಳಿಯುತ್ತಿತ್ತು. ಒಂದು ರೋಹು ದಿನಕ್ಕೆ ಇದರಲ್ಲಿ ಎಷ್ಟನ್ನು ತಿನ್ನುತ್ತಿತ್ತು ಎಂದು ಅವನು ಲೆಕ್ಕ ಹಾಕಲು ನೋಡಿದ, ನಲವತ್ತಾರು ರೋಹುಗಳು ಎಷ್ಟನ್ನು ತಿನ್ನುತ್ತಿದ್ದವೆಂದು ನೋಡಿದ, ಎಂಟರ ಹೊತ್ತಿಗೆ ನೋಡುವುದನ್ನು ಬಿಟ್ಟ. ಮರಗಟ್ಟಿದ ಬೆರಳಿಗೆ ನೀರಿನ ತಂಪೂ ಹತ್ತುತ್ತಿರಲಿಲ್ಲ. ಹತ್ತರ ಹೊತ್ತಿಗೆ ಸೊಂಟ ನೆಟ್ಟಗಾಗದೆ, ಕೂತೇ ಮುಂದಿನ ಸಲದ ನಟ್ಟು ಬಿಚ್ಚಿದ. ತೋಟದ ತುದಿಯವರೆಗೂ ಡ್ರಿಪ್ಪಿನ ಹನಿ ಬೀಳುತ್ತಿತ್ತು. ಎದ್ದು ಹೋಗಿ ಕೊನೆಯ ಸಾಲಿನ ಬುಡ ಮುಟ್ಟಿ ನೋಡಿ ಬಂದ, ಮಣ್ಣು ಒದ್ದೆ ಇತ್ತು.

ಹನ್ನೆರಡಕ್ಕೆ ಕರೆಂಟು ಹೋಯಿತು, ಪಂಪು ನಿಂತಿತು. ಸದ್ದು ನಿಂತದ್ದಕ್ಕೇ ಶೀತಲರಿಗೆ ಎಚ್ಚರವಾಯಿತು. ಹೊರಗೆ ಬಂದು, ಕಣ್ಣುಜ್ಜಿಕೊಳ್ಳುತ್ತ, ತೌಸಿಫನ ಪಕ್ಕ ಕಟ್ಟೆಯ ಮೇಲೆ ಕೂತರು. ಮುಖದಲ್ಲಿ ಚಾದರದ ಗೆರೆಗಳು ಮೂಡಿದ್ದವು.

"ಎಷ್ಟ ಸಲ ಆತು?"

"ಹತ್ತ ಸಲ ರೀ."

"ನೀರ ತುದಿ ಮುಟ್ಟತೇನು?"

"ಮುಟ್ಟತ್ರಿ."

ಶೀತಲರು ತಲೆಯಾಡಿಸಿದರು. ತೊಳೆದ ಜಾಳಿಯನ್ನು ತೌಸಿಫ ಕಟ್ಟೆಯ ಮೇಲೆ ಒಣಗಲಿಟ್ಟ.

"ಮಳಿ ಶುರು ಆದ ಮ್ಯಾಲ ಮರಿ ಬಿಡಬೇಕು," ಅಂದರು ಶೀತಲರು. "ಬರೇ ಅವನ್ನ. ತಳದಾಗ ಇರಾವನ್ನ. ಮರಿ ಇದ್ದಾಗ ಗುರ್ತ ಹಿಡೀತೀಯೇನು?"

"ಹಿಡೀತೀನ್ರಿ. ತುಟಿ ನೋಡಿದ್ರ ಗೊತ್ತಾಗತೈತಿ."

"ಅಲ್ಲಿತನಾ ಆರ ತಿಂಗಳಾತು."

"ಹೌದ್ರಿ. ಮುಂದಿನ ಐತವಾರ ಬರ್ಲೇನ್ರಿ?"

ಶೀತಲರು ಎದ್ದು, ತೊಳೆದಿಟ್ಟ ಜಾಳಿಯನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ಒಂದು ಮೂಲೆಯಲ್ಲಿ ಹಸಿರು ಉಳಿದಿತ್ತು. ಅದನ್ನು ಉಗುರಿನಿಂದ ಕೆರೆದು ತೆಗೆದರು.

"ಇಲ್ಲಿ ಮೂಲ್ಯಾಗ ಬ್ರಶ್ ಹೋಗೂದಿಲ್ಲ, ಬೆರಳಲೆ ತಿಕ್ಕಬೇಕು," ಅಂದು ಜಾಳಿಯನ್ನು ಅವನ ಕೈಗೆ ಕೊಟ್ಟರು.